ನಿಯಾನ್ ಬೋರ್ಡು ಮಾಡುವ ಬಗೆ: ಗಾಜು ಬಗ್ಗಿಸುವುದರಿಂದ ಬೆಳಕು ಹತ್ತುವವರೆಗೆ

ಕರೆಂಟ್ ಇದೆಯೋ ಇಲ್ಲವೋ ನೋಡಲು ಟೆಸ್ಟರ್ ಬಳಸುತ್ತೇವೆ ಅಲ್ವಾ? ಸಾಕೆಟ್‌ಗೆ ತಾಗಿಸಿದರೆ ಹಿಡಿಯೊಳಗೆ ಕಿತ್ತಳೆ ಬಣ್ಣದ ಚುಕ್ಕಿ ಹೊತ್ತಿಕೊಳ್ಳುತ್ತದೆ. ಅಲ್ಲಿ ಕಾದು ಕೆಂಪಾಗುವ ತಂತಿ ಯಾವುದೂ ಇಲ್ಲ. ಪುಟ್ಟ ಗಾಜಿನ ಬಲ್ಬು, ಅದರೊಳಗೆ ಒಂದಕ್ಕೊಂದು ತಾಗದ ಎರಡು ಲೋಹದ ಕಡ್ಡಿ, ನಡುವೆ ಒಂದಿಷ್ಟು ನಿಯಾನ್ ಅನಿಲ. ಅಷ್ಟೇ. ರಾತ್ರಿಯಿಡೀ ಉರಿಯುವ ಬಣ್ಣದ ಬೋರ್ಡುಗಳು ಈ ಟೆಸ್ಟರಿನ ದೊಡ್ಡಣ್ಣಂದಿರು.

ನಿಯಾನ್ ಬೋರ್ಡು ಅಂದರೆ ಗಾಜಿನ ಕೊಳವೆಗೆ ಗ್ಯಾಸ್ ತುಂಬುವ ಕೆಲಸ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ತುಂಬಲು ಎರಡು ನಿಮಿಷವೂ ಬೇಡ. ಕಷ್ಟ ಇರುವುದು ಅದಕ್ಕೂ ಮೊದಲು, ಕೊಳವೆಯನ್ನು ಖಾಲಿ ಮಾಡುವುದರಲ್ಲಿ. ಅದನ್ನು ಸರಿಯಾಗಿ ಮಾಡಿದ ಕೊಳವೆ ಹತ್ತಾರು ವರ್ಷ ಉರಿಯುತ್ತದೆ. ಅವಸರ ಮಾಡಿದ್ದು ಕೆಲವೇ ವಾರಕ್ಕೆ ಮಂಕಾಗುತ್ತದೆ. ಈ ಬರಹದ ಉದ್ದಕ್ಕೂ ಇದನ್ನು ನೆನಪಿಟ್ಟುಕೊಳ್ಳಿ.

ಮೊದಲೇ ಒಂದು ಎಚ್ಚರಿಕೆ. ಇಲ್ಲಿ ಬರುವ ಕೆಲವು ಹಂತಗಳಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಇದೆ, ಪಾದರಸ ಇದೆ, ಬೆಂಕಿ ಇದೆ. ಓದಿ ತಿಳಿದುಕೊಳ್ಳಲು ಇದು ಸಾಕು. ಕೈಯಿಂದ ಮಾಡಿ ನೋಡಬೇಕೆಂದರೆ ಕೆಲಸ ಗೊತ್ತಿರುವವರ ಪಕ್ಕ ನಿಂತೇ ಕಲಿಯಬೇಕು.

ಗಾಜಿನೊಳಗೆ ಏನು ನಡೆಯುತ್ತದೆ

ಕೊಳವೆಯ ಎರಡು ತುದಿಗಳಲ್ಲಿ ಒಂದೊಂದು ಎಲೆಕ್ಟ್ರೋಡ್, ಅಂದರೆ ಒಳಕ್ಕೆ ಕರೆಂಟ್ ಕೊಡುವ ಲೋಹದ ತುಂಡು, ಇರುತ್ತದೆ. ಅವುಗಳ ನಡುವೆ ಸಾವಿರಾರು ವೋಲ್ಟ್ ಕೊಟ್ಟಾಗ ಒಳಗೆ ಬಿಡಿಯಾಗಿ ಅಲೆಯುತ್ತಿರುವ ನಾಲ್ಕಾರು ಎಲೆಕ್ಟ್ರಾನುಗಳು ಓಡತೊಡಗುತ್ತವೆ. ದಾರಿಯಲ್ಲಿ ಸಿಕ್ಕ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಡಿಕ್ಕಿ ಜೋರಾಗಿದ್ದರೆ ಪರಮಾಣುವಿನಿಂದ ಇನ್ನೊಂದು ಎಲೆಕ್ಟ್ರಾನ್ ಕಿತ್ತು ಬರುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಕಣ್ಣು ಮಿಟುಕಿಸುವಷ್ಟರಲ್ಲಿ ಅನಿಲವೇ ತಂತಿಯ ಹಾಗೆ ಕರೆಂಟ್ ಹರಿಸುತ್ತದೆ.

ಡಿಕ್ಕಿ ಸ್ವಲ್ಪ ಮೆಲ್ಲಗಿದ್ದರೆ ಎಲೆಕ್ಟ್ರಾನ್ ಕಿತ್ತು ಬರುವುದಿಲ್ಲ. ಪರಮಾಣುವಿನೊಳಗೇ ಒಂದು ಮೆಟ್ಟಿಲು ಮೇಲಕ್ಕೆ ಹಾರುತ್ತದೆ. ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಾಗದೆ ಕೆಳಗಿಳಿಯುತ್ತದೆ. ಇಳಿಯುವಾಗ ಬಿಟ್ಟುಕೊಡುವ ಶಕ್ತಿಯೇ ನಮಗೆ ಕಾಣುವ ಬೆಳಕು. ಈ ಮೆಟ್ಟಿಲುಗಳ ಎತ್ತರ ಒಂದೊಂದು ಅನಿಲಕ್ಕೆ ಒಂದೊಂದು ಥರ. ಹಾಗಾಗಿ ಬಣ್ಣವೂ ಬೇರೆ ಬೇರೆ.

ಒತ್ತಡ ಕಡಿಮೆ ಇರಲೇಬೇಕು. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸುಮಾರು 760 ಟಾರ್. ಬೋರ್ಡಿನ ಕೊಳವೆಯೊಳಗೆ ಇರುವುದು 8ರಿಂದ 15 ಟಾರ್ ಮಾತ್ರ. ಕಿಕ್ಕಿರಿದ ಗುಂಪಿನಲ್ಲಿ ಓಡಿ ವೇಗ ಹಿಡಿಯಲು ಆಗುತ್ತದೆಯೇ? ಎಲೆಕ್ಟ್ರಾನಿನ ಕಷ್ಟವೂ ಅದೇ. ಪರಮಾಣುಗಳು ವಿರಳವಾಗಿದ್ದರೆ ಮಾತ್ರ ಅದು ಎರಡು ಡಿಕ್ಕಿಗಳ ನಡುವೆ ಸಾಕಷ್ಟು ಓಡಿ ಶಕ್ತಿ ಕೂಡಿಸಿಕೊಳ್ಳಬಲ್ಲದು.

ನಿಯಾನ್ ಪರಮಾಣುವನ್ನು ಎಬ್ಬಿಸಲು 16 ಎಲೆಕ್ಟ್ರಾನ್‌ವೋಲ್ಟ್‌ಗಿಂತ ಜಾಸ್ತಿ ಶಕ್ತಿ ಬೇಕು. ಅದು ಬಹಳ ದೊಡ್ಡ ಮೆಟ್ಟಿಲು. ಸಾರಜನಕ, ನೀರಿನ ಆವಿ, ಇಂಗಾಲದ ಡೈಆಕ್ಸೈಡ್ ಇವಕ್ಕೆಲ್ಲ ಇದಕ್ಕಿಂತ ಎಷ್ಟೋ ಕಡಿಮೆ ಶಕ್ತಿ ಸಾಕು. ಇವು ಒಳಗೆ ಚೂರೇ ಚೂರು ಇದ್ದರೂ, ಎಲೆಕ್ಟ್ರಾನ್ ನಿಯಾನ್‌ಗೆ ಬೇಕಾದಷ್ಟು ವೇಗ ಹಿಡಿಯುವ ಮೊದಲೇ ಅಡ್ಡ ಬಂದು ಶಕ್ತಿ ಕಸಿದುಕೊಳ್ಳುತ್ತವೆ. ಕೆಂಪು ಹೋಗಿ ಮಾಸಲು ಗುಲಾಬಿ ಉಳಿಯುತ್ತದೆ.

ಈ ಪಾಠ ಕಲಿಯಲು ಜನಕ್ಕೆ ಅರ್ಧ ಶತಮಾನವೇ ಹಿಡಿಯಿತು. 1857ರಲ್ಲಿ ಜರ್ಮನಿಯ ಹೈನ್ರಿಚ್ ಗೈಸ್ಲರ್ ಮಾಡಿದ ಕೊಳವೆಗಳು ಚೆನ್ನಾಗಿಯೇ ಹೊಳೆಯುತ್ತಿದ್ದವು, ಆದರೆ ನೋಡಿ ಖುಷಿಪಡುವುದಕ್ಕಷ್ಟೇ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಡೇನಿಯಲ್ ಮೆಕ್‌ಫಾರ್ಲನ್ ಮೂರ್ ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡ್ ತುಂಬಿದ ಉದ್ದನೆಯ ದೀಪಗಳನ್ನು ಮಾಡಿದರು. ಅನಿಲ ದಿನದಿನಕ್ಕೂ ಖರ್ಚಾಗುತ್ತಿತ್ತು. ಮತ್ತೆ ಮತ್ತೆ ತುಂಬಲು ಒಂದು ವಾಲ್ವನ್ನೇ ಇಡಬೇಕಾಯಿತು. ನಿಯಾನ್ ಸಿಕ್ಕಿದ್ದು 1898ರಲ್ಲಿ. ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ದ್ರವ ಗಾಳಿಯನ್ನು ಕುದಿಸಿ ಬೇರ್ಪಡಿಸುವಾಗ ಕಂಡದ್ದು. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನಿಯಾನ್ ಇರುವುದು ಬರೀ 18 ಪಾಲು. ಫ್ರಾನ್ಸಿನ ಜಾರ್ಜ್ ಕ್ಲೋಡ್‌ಗೆ ದ್ರವ ಗಾಳಿಯದೇ ಉದ್ಯಮ. ನಿಯಾನ್ ಉಳಿಕೆಯಾಗಿ ಕೈಗೆ ಬರುತ್ತಿತ್ತು. 1910ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಅವರು ನಿಯಾನ್ ದೀಪ ಹೊತ್ತಿಸಿದರು. ಅವರ ಜಾಣತನ ಇದ್ದದ್ದು ಎರಡು ಕಡೆ. ದ್ರವ ಗಾಳಿಯಲ್ಲಿ ತಣ್ಣಗಾಗಿಸಿದ ಇದ್ದಿಲಿಗೆ ಕೊಳೆಯ ಅನಿಲಗಳನ್ನು ಹೀರಿಸಿದರು. ಎಲೆಕ್ಟ್ರೋಡನ್ನು ದೊಡ್ಡದು ಮಾಡಿ ಅದು ಬೇಗ ಸವೆಯದಂತೆ ನೋಡಿಕೊಂಡರು. ಎಲೆಕ್ಟ್ರೋಡಿನ ಅಮೆರಿಕನ್ ಪೇಟೆಂಟ್ 1915ರಲ್ಲಿ ಬಂತು.

ಯಾವ ಬಣ್ಣಕ್ಕೆ ಯಾವ ಅನಿಲ

ಪಾರದರ್ಶಕ ಗಾಜಿನಲ್ಲಿ ನಿಯಾನ್ ತುಂಬಿದರೆ ಕೆಂಪು ಮಿಶ್ರಿತ ಕಿತ್ತಳೆ. ನಿಯಾನ್ ತಾನಾಗಿ ಕೊಡುವ ಬಣ್ಣ ಇದೊಂದೇ. ಹಾಗಾದರೆ ನೀಲಿ, ಹಸಿರು, ಬಿಳಿ, ನೇರಳೆ ಬೋರ್ಡುಗಳು? ಅವುಗಳಲ್ಲಿ ಸಾಮಾನ್ಯವಾಗಿ ಇರುವುದು ಆರ್ಗಾನ್ ಮತ್ತು ಒಂದು ಹನಿ ಪಾದರಸ. ಹೆಸರು ಮಾತ್ರ ಎಲ್ಲದಕ್ಕೂ ನಿಯಾನ್.

ಆರ್ಗಾನ್ ಒಂದೇ ಇದ್ದರೆ ಮಂಕು ನೇರಳೆ. ಅದು ಇಲ್ಲಿ ಬೆಳಕಿಗಾಗಿ ಇರುವುದಲ್ಲ, ಕರೆಂಟ್ ಹರಿಯಲು ದಾರಿ ಮಾಡಿಕೊಡಲು. ಕೊಳವೆ ಬೆಚ್ಚಗಾದ ಮೇಲೆ ಪಾದರಸ ಆವಿಯಾಗಿ ನೀಲಿ ಬೆಳಕು ಕೊಡುತ್ತದೆ. ಜೊತೆಗೆ ಕಣ್ಣಿಗೆ ಕಾಣದ 254 ನ್ಯಾನೋಮೀಟರಿನ ಅತಿನೇರಳೆ ಕಿರಣವೂ ಬರುತ್ತದೆ. ಕೊಳವೆಯ ಒಳಗೋಡೆಗೆ ಫಾಸ್ಫರ್ ಪುಡಿ ಬಳಿದಿದ್ದರೆ ಅದು ಈ ಕಿರಣವನ್ನು ನುಂಗಿ ತನ್ನ ಬಣ್ಣವನ್ನು ಹೊರಗೆ ಬಿಡುತ್ತದೆ. ಪುಡಿ ಬದಲಾದರೆ ಬಣ್ಣ ಬದಲು. ಗಾಜಿಗೇ ಬಣ್ಣ ಹಾಕುವುದೂ ಇದೆ. ಗಾಢ ಕೆಂಪು ಗಾಜಿನಲ್ಲಿ ನಿಯಾನ್ ತುಂಬಿದರೆ ಕಿತ್ತಳೆ ಛಾಯೆ ಸೋಸಿ ಹೋಗಿ ಅಪ್ಪಟ ಕೆಂಪು ಬರುತ್ತದೆ.

ಹೀಲಿಯಂ, ಕ್ರಿಪ್ಟಾನ್, ಕ್ಸೆನಾನ್ ಕೂಡ ಹೊಳೆಯುತ್ತವೆ. ಬೆಳಕು ಕಡಿಮೆ, ಹೀಲಿಯಂ ಬಿಸಿಯೂ ಜಾಸ್ತಿ. ಕಲಾವಿದರು ಬಳಸುತ್ತಾರೆ, ಬೋರ್ಡು ಮಾಡುವವರು ಅಪರೂಪಕ್ಕೆ.

ಹಂತ 1: ನಕ್ಷೆ ಬರೆಯುವುದು

ಅಕ್ಷರಗಳನ್ನು ನಿಜವಾದ ಅಳತೆಯಲ್ಲೇ ಬರೆಯಬೇಕು, ಅದೂ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ. ಯಾಕೆಂದರೆ ಕೆಲಸಗಾರರು ಬೋರ್ಡನ್ನು ಹಿಂಬದಿಯಿಂದ ಮಾಡುತ್ತಾರೆ. ಮುಂದೆ ಕಾಣಬೇಕಾದ ಭಾಗ ಮೇಜಿನ ಮೇಲೆ ಸಮತಟ್ಟಾಗಿ ಕೂರುತ್ತದೆ, ಹಿಂದಕ್ಕೆ ಹೋಗಬೇಕಾದ ತಿರುವುಗಳು ಅವರ ಕಡೆಗೆ ಮೇಲೇಳುತ್ತವೆ. ನಕ್ಷೆಯ ಮೇಲೆ ಬಿಸಿ ಗಾಜು ಇಡುವುದರಿಂದ ಶಾಖ ತಡೆಯುವ ಗಾಜಿನ ನಾರಿನ ಬಟ್ಟೆ ಹಾಸುತ್ತಾರೆ. ಹಿಂದೆ ಇದಕ್ಕೆ ಆಸ್ಬೆಸ್ಟಾಸ್ ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಮಾರಿ. ಹಳೆಯ ಹಾಳೆ ಎಲ್ಲಾದರೂ ಸಿಕ್ಕರೆ ಮುಟ್ಟಬೇಡಿ.

ಈ ಹಂತದಲ್ಲಿ ತಲೆ ಓಡಿಸಬೇಕಾದ್ದು ಒಂದೇ. ಕೊಳವೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ? ಕರೆಂಟ್ ಹೋಗಲು ದಾರಿ ಒಂದೇ ಎಳೆಯಾಗಿರಬೇಕು, ಕವಲು ಇರಬಾರದು. ಪೆನ್ನು ಎತ್ತದೆ ಪೂರ್ತಿ ಪದ ಬರೆದ ಹಾಗೆ. ಕನ್ನಡದ ಒತ್ತಕ್ಷರ ಇದ್ದರೆ ಈ ಲೆಕ್ಕ ಒಳ್ಳೆಯ ತಲೆನೋವು ಕೊಡುತ್ತದೆ.

ಹಂತ 2: ಗಾಜು ಬಗ್ಗಿಸುವುದು

ಸೀಸದ ಗಾಜು ಅಥವಾ ಸೋಡಾ ಗಾಜಿನ ಕೊಳವೆ, ಹೊರಗಿನ ವ್ಯಾಸ ಸಾಮಾನ್ಯವಾಗಿ 8ರಿಂದ 15 ಮಿಲಿಮೀಟರ್. ಸೀಸದ ಗಾಜು ಕಡಿಮೆ ಶಾಖಕ್ಕೇ ಮೆತ್ತಗಾಗುತ್ತದೆ, ಬಗ್ಗಿಸಲು ಸುಲಭ. ಆದರೆ ಜ್ವಾಲೆಯಲ್ಲಿ ಆಮ್ಲಜನಕ ಸಾಲದಿದ್ದರೆ ಕಪ್ಪಾಗಿಬಿಡುತ್ತದೆ.

ಕೊಳವೆಯ ಒಂದು ತುದಿಗೆ ಬಿರಡೆ. ಇನ್ನೊಂದು ತುದಿಗೆ ತೆಳು ರಬ್ಬರ್ ಪೈಪು, ಅದರ ಕೊನೆ ಕೆಲಸಗಾರರ ಬಾಯಲ್ಲಿ. ಚೂಪಾದ ತಿರುವಿಗೆ ಎದುರುಬದುರು ಜ್ವಾಲೆ ಇರುವ ಬರ್ನರ್, ಉದ್ದನೆಯ ಬಾಗಿಗೆ ಪಟ್ಟಿಯಂಥ ಜ್ವಾಲೆಯ ಬರ್ನರ್. ಗಾಜನ್ನು ಜ್ವಾಲೆಯಲ್ಲಿ ಒಂದೇ ಸಮ ಹೊರಳಿಸುತ್ತಾ ಇರಬೇಕು. ಎರಡೂ ಕೈ ಒಂದೇ ವೇಗದಲ್ಲಿ ತಿರುಗದಿದ್ದರೆ ಮೆತ್ತಗಾದ ಜಾಗ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಕಲಿಯುವವರ ಮೊದಲ ತಿಂಗಳುಗಳೆಲ್ಲ ಹೋಗುವುದು ಇಲ್ಲೇ.

ಗಾಜು ಜೋತುಬೀಳುವಷ್ಟು ಮೆತ್ತಗಾದಾಗ ಬೆಂಕಿಯಿಂದ ಹೊರಗೆ ತೆಗೆಯಬೇಕು. ಬಗ್ಗಿಸುವುದು ಹೊರಗೆ, ಜ್ವಾಲೆಯೊಳಗಲ್ಲ. ನಕ್ಷೆಯ ಮೇಲಿಟ್ಟು ಗೆರೆಗೆ ಕೂಡಿಸಿ, ಮರದ ತುಂಡಿನಿಂದ ಸಮ ಮಾಡಿ, ಪೈಪಿನಲ್ಲಿ ಮೆಲ್ಲಗೆ ಊದಬೇಕು. ಬಾಗಿದ ಕಡೆ ಗಾಜು ಒಳಕ್ಕೆ ಕುಸಿದಿರುತ್ತದೆ. ಊದಿದಾಗ ಮತ್ತೆ ಗುಂಡಗಾಗುತ್ತದೆ. ಇದಕ್ಕೆಲ್ಲ ಇರುವುದು ಕೆಲವೇ ಸೆಕೆಂಡು. ಜೋರಾಗಿ ಊದಿದರೆ ಗುಳ್ಳೆ, ಮೆಲ್ಲಗೆ ಊದಿದರೆ ಸೊಟ್ಟ. ಗೋಡೆ ತೆಳುವಾದ ತಿರುವು ಮುಂದೆ ಬಿಸಿ ಏರಿದಾಗ ಬಿರುಕು ಬಿಡುವ ಮೊದಲ ಜಾಗ. ಈ ಕೆಲಸಕ್ಕೆ ಇವತ್ತಿಗೂ ಮನುಷ್ಯರ ಕೈ ಮತ್ತು ಉಸಿರೇ ಬೇಕು. ನನಗಂತೂ ಇಡೀ ಕಸುಬಿನಲ್ಲಿ ತುಂಬಾ ಇಷ್ಟವಾಗುವ ಭಾಗ ಇದು.

ಹಂತ 3: ಎಲೆಕ್ಟ್ರೋಡ್ ಬೆಸೆಯುವುದು

ಎಲೆಕ್ಟ್ರೋಡ್ ಅಂದರೆ ಬೆರಳಿನ ತುದಿಯಂಥ ಲೋಹದ ಟೊಪ್ಪಿ. ಅದು ಗಾಜಿನ ಕವಚದೊಳಗೆ ಕೂತೇ ಬರುತ್ತದೆ. ಟೊಪ್ಪಿಯ ಒಳಗೆ ಬೇರಿಯಂ, ಸ್ಟ್ರಾನ್ಷಿಯಂ ಮುಂತಾದವುಗಳ ಕಾರ್ಬೊನೇಟ್ ಲೇಪ ಇರುತ್ತದೆ. ಕವಚದ ಗಾಜನ್ನು ಕೊಳವೆಯ ತುದಿಗೆ ಕೈ ಟಾರ್ಚಿನಿಂದ ಬೆಸೆಯುತ್ತಾರೆ. ಎರಡೂ ಒಂದೇ ಜಾತಿಯ ಗಾಜಾಗಿರಬೇಕು. ಇಲ್ಲದಿದ್ದರೆ ಆರುವಾಗ ಒಂದು ಜಾಸ್ತಿ ಕುಗ್ಗಿ, ಇನ್ನೊಂದು ಕಡಿಮೆ ಕುಗ್ಗಿ, ಸೀಳುತ್ತದೆ. ಗಾಳಿ ಎಳೆಯಲು ಒಂದು ಸಣ್ಣ ನಳಿಕೆಯನ್ನೂ ಇಲ್ಲೇ ಕೂರಿಸಬೇಕು. ಬೆಸುಗೆಯನ್ನು ದಿಢೀರ್ ಆರಲು ಬಿಡದೆ ಸಣ್ಣ ಜ್ವಾಲೆಯಲ್ಲಿ ನಿಧಾನವಾಗಿ ತಣ್ಣಗಾಗಿಸಬೇಕು.

ಹಂತ 4: ಬಾಂಬಾರ್ಡಿಂಗ್, ಅಂದರೆ ಕೊಳೆ ಸುಡುವುದು

ಕಸುಬಿನ ಜೀವಾಳ ಇದು. ಗಾಜು ಕಣ್ಣಿಗೆ ಎಷ್ಟೇ ಸ್ವಚ್ಛವಾಗಿ ಕಂಡರೂ ಅದರ ಮೈಗೆ ನೀರಿನ ಆವಿ ಮತ್ತು ಅನಿಲಗಳು ಅಂಟಿಕೊಂಡಿರುತ್ತವೆ. ಕಾರ್ಮಿಕರ ಉಸಿರಿನ ತೇವವೂ ಒಳಗೇ ಇದೆ, ಊದಿದ್ದಾರಲ್ಲ! ಸುಮ್ನೆ ಪಂಪ್ ಹಾಕಿ ಎಳೆದರೆ ಇವು ಬರುವುದಿಲ್ಲ. ಬೋರ್ಡು ಉರಿದು ಬೆಚ್ಚಗಾದಾಗ ಒಂದೊಂದಾಗಿ ಈಚೆ ಬಂದು ಬಣ್ಣ ಕೆಡಿಸುತ್ತವೆ. ಅದಕ್ಕೇ ಮೊದಲೇ ಕಾಯಿಸಿ ಓಡಿಸಬೇಕು.

ಕೊಳವೆಯನ್ನು ವ್ಯಾಕ್ಯೂಮ್ ಪಂಪಿಗೆ ಜೋಡಿಸಿ, ಒಳಗೆ ಕೆಲವು ಟಾರ್‌ನಷ್ಟು ಗಾಳಿ ಉಳಿಸಿ, ದೊಡ್ಡ ಟ್ರಾನ್ಸ್‌ಫಾರ್ಮರಿನಿಂದ ಭಾರಿ ಕರೆಂಟ್ ಹಾಯಿಸುತ್ತಾರೆ. ಹತ್ತಿಪ್ಪತ್ತು ಸಾವಿರ ವೋಲ್ಟ್, ಜೊತೆಗೆ ನೂರಾರು ಮಿಲಿಆಂಪಿಯರ್. ಬೋರ್ಡು ದಿನವೂ ಬಳಸುವ ಕರೆಂಟಿನ ಹತ್ತಾರು ಪಟ್ಟು. ಮುಟ್ಟಿದವರು ಉಳಿಯುವುದಿಲ್ಲ. ಅದಕ್ಕೇ ಕಾಲಿನ ಕೆಳಗೆ ರಬ್ಬರ್ ಹಾಸು, ಕೈ ಬಿಟ್ಟರೆ ತಾನೇ ಆರುವ ಸ್ವಿಚ್ಚು, ಸುತ್ತ ಬೇಲಿ.

ಒಳಗಿನ ಗಾಳಿ ನೇರಳೆ ಗುಲಾಬಿಯಾಗಿ ಉರಿಯುತ್ತದೆ, ಗಾಜು ಕಾಯುತ್ತದೆ. ಸುಮಾರು 220ರಿಂದ 250 ಡಿಗ್ರಿ ಸೆಲ್ಸಿಯಸ್ ಆಗಬೇಕು. ಹಳಬರ ಥರ್ಮಾಮೀಟರ್ ಒಂದು ಕಾಗದದ ಚೂರು. ಮೊದಲೇ ಕೊಳವೆಯ ಮೇಲೆ ಇಟ್ಟಿರುತ್ತಾರೆ. ಅದು ಕಂದು ಬಣ್ಣಕ್ಕೆ ತಿರುಗಿದರೆ ಗಾಜು ಸಾಕಷ್ಟು ಕಾದಿದೆ ಅಂತ.

ಮುಂದೆ ಎಲೆಕ್ಟ್ರೋಡಿನ ಸರದಿ. ಕರೆಂಟ್ ಏರಿಸಿದಾಗ ಟೊಪ್ಪಿ ಕೆಂಪಗೆ ಕಾಯುತ್ತದೆ. ಕಾರ್ಬೊನೇಟ್ ಲೇಪ ಇಂಗಾಲದ ಡೈಆಕ್ಸೈಡ್ ಬಿಟ್ಟು ಆಕ್ಸೈಡ್ ಆಗುತ್ತದೆ. ಈ ಆಕ್ಸೈಡ್ ಎಲೆಕ್ಟ್ರಾನುಗಳನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಎಲೆಕ್ಟ್ರೋಡ್ ಬಹುಕಾಲ ಬಾಳುತ್ತದೆ. ಕರೆಂಟ್ ನಿಲ್ಲಿಸಿ ತಕ್ಷಣ ಪಂಪಿನ ವಾಲ್ವ್ ಪೂರ್ತಿ ತೆರೆಯಬೇಕು. ಗಾಜು ಬಿಸಿಯಿರುವಾಗಲೇ ಕೊಳೆಯೆಲ್ಲ ಹೋಗಬೇಕು. ತಡಮಾಡಿದರೆ ಅದು ಮತ್ತೆ ಗೋಡೆಗೇ ಅಂಟಿಕೊಳ್ಳುತ್ತದೆ. ಒತ್ತಡ ಟಾರ್‌ನ ಸಾವಿರದ ಕೆಲವು ಪಾಲಿಗೆ ಇಳಿಯುವವರೆಗೆ ಪಂಪ್ ಓಡುತ್ತಲೇ ಇರಬೇಕು. ಅವಸರದವರು ಸಮಯ ಉಳಿಸುವುದು ಇಲ್ಲೇ. ಆಮೇಲೆ ಬೋರ್ಡು ಬಿಚ್ಚಿ ವಾಪಸ್ ತರುವುದೂ ಇದರಿಂದಲೇ.

ಹಂತ 5: ಅನಿಲ ತುಂಬಿ ಮುಚ್ಚುವುದು

ಕೊಳವೆ ಕೈಗೆ ಬೆಚ್ಚಗೆ ತಾಗುವಷ್ಟು ಆರಿದ ಮೇಲೆ ಅನಿಲ ಬಿಡುತ್ತಾರೆ. ಒತ್ತಡ ಎಷ್ಟು ಎನ್ನುವುದು ವ್ಯಾಸದ ಮೇಲೆ ನಿಂತಿದೆ. 15 ಮಿಲಿಮೀಟರ್ ಕೊಳವೆಗೆ 8ರಿಂದ 10 ಟಾರ್, 10 ಮಿಲಿಮೀಟರಿನದಕ್ಕೆ 12ರಿಂದ 15. ಕೊಳವೆ ಸಣ್ಣದಾದಷ್ಟೂ ಒತ್ತಡ ಜಾಸ್ತಿ. ಕಡಿಮೆ ತುಂಬಿದರೆ ಎಲೆಕ್ಟ್ರೋಡಿನ ಲೋಹ ಸಿಡಿದು ಗೋಡೆಗೆ ಹತ್ತಿ, ಅನಿಲವನ್ನೂ ಜೊತೆಗೆ ಹೂತುಹಾಕುತ್ತದೆ. ಜಾಸ್ತಿ ತುಂಬಿದರೆ ಹೊತ್ತಿಸಲು ಹೆಚ್ಚು ವೋಲ್ಟ್ ಬೇಕು.

ಎಷ್ಟು ನಿಯಾನ್ ಹಿಡಿಯುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಒಳವ್ಯಾಸ 13 ಮಿಲಿಮೀಟರ್, ಉದ್ದ 3 ಮೀಟರ್ ಇದ್ದರೆ ಕೊಳವೆಯ ಒಳಜಾಗ ಸುಮಾರು 400 ಮಿಲಿಲೀಟರ್. 9 ಟಾರ್ ಒತ್ತಡದಲ್ಲಿ ಅದಕ್ಕೆ ಬೇಕಾದ ನಿಯಾನ್, ಸಾಮಾನ್ಯ ಒತ್ತಡದ ಲೆಕ್ಕದಲ್ಲಿ, 5 ಮಿಲಿಲೀಟರೂ ಇಲ್ಲ. ಒಂದು ಚಮಚದಷ್ಟು ಅನಿಲಕ್ಕೆ ಇಷ್ಟೆಲ್ಲ ಮನೆ ತೊಳೆಯುವ ಕೆಲಸ!

ಮುಚ್ಚುವುದು ಸುಲಭ. ಸಣ್ಣ ನಳಿಕೆಗೆ ಜ್ವಾಲೆ ಹಿಡಿದರೆ ಗಾಜು ಕರಗಿ, ಹೊರಗಿನ ಗಾಳಿಯ ಒತ್ತಡಕ್ಕೆ ತಾನೇ ಒಳಕ್ಕೆ ಕುಸಿದು ಕೂಡಿಕೊಳ್ಳುತ್ತದೆ. ಮೆಲ್ಲಗೆ ಎಳೆದು ಬಿಡಿಸಿದರೆ ಆಯಿತು.

ಆರ್ಗಾನ್ ಕೊಳವೆಗೆ ಇಲ್ಲಿ ಇನ್ನೊಂದು ಕೆಲಸ ಇದೆ. ನಳಿಕೆಯಲ್ಲಿ ಮೊದಲೇ ಒಂದು ಪುಟ್ಟ ಗುಂಡಿಯಂತೆ ಉಬ್ಬಿಸಿ ಅಲ್ಲಿ ಪಾದರಸದ ಹನಿ ಇಟ್ಟಿರುತ್ತಾರೆ. ಮುಚ್ಚಿದ ಮೇಲೆ ಕೊಳವೆಯನ್ನು ಓರೆ ಮಾಡಿ ಹನಿಯನ್ನು ಒಳಕ್ಕೆ ಉರುಳಿಸಿ, ಎಲ್ಲ ಕಡೆ ಓಡಾಡಿಸಿ, ಉಬ್ಬನ್ನು ಕಡಿದು ಮುಚ್ಚುತ್ತಾರೆ. ಪಾದರಸದ ಆವಿ ನರಗಳಿಗೆ ವಿಷ. ಕಿಟಕಿ ತೆರೆದಿರಬೇಕು, ಚೆಲ್ಲಿದರೆ ಗುಡಿಸಬಾರದು. ಪಾದರಸದ ಬಳಕೆ ಇಳಿಸಲೆಂದೇ 2013ರಲ್ಲಿ ಮಿನಮಾಟಾ ಒಪ್ಪಂದ ಆಯಿತು.

ಹಂತ 6: ಉರಿಸಿ ನೋಡಿ, ಕಪ್ಪು ಬಳಿದು, ಕೂರಿಸುವುದು

ಹೊಸ ಕೊಳವೆಯನ್ನು ಮೇಜಿನ ಮೇಲೆ ಕೆಲವು ಗಂಟೆ ಉರಿಸುತ್ತಾರೆ. ನಿಯಾನ್ ಬೇಗ ನೆಲೆಗೊಳ್ಳುತ್ತದೆ. ಪಾದರಸದ್ದು ಪೂರ್ತಿ ಬೆಳಗಲು ಜಾಸ್ತಿ ಹೊತ್ತು ಬೇಕು. ಅಕ್ಷರ ಅಕ್ಷರದ ನಡುವೆ ಕಾಣಬಾರದ ಕೊಂಡಿಗಳಿಗೆ ಕಪ್ಪು ಬಣ್ಣ ಬಳಿಯುತ್ತಾರೆ. ಹತ್ತಿರ ಹೋಗಿ ನೋಡಿದರೆ ಇದು ಯಾವ ಬೋರ್ಡಿನಲ್ಲೂ ಕಾಣುತ್ತದೆ.

ಟ್ರಾನ್ಸ್‌ಫಾರ್ಮರ್ 2,000ದಿಂದ 15,000 ವೋಲ್ಟ್‌ವರೆಗೆ ಸಿಗುತ್ತದೆ, ಕರೆಂಟ್ ಸಾಮಾನ್ಯವಾಗಿ 20ರಿಂದ 60 ಮಿಲಿಆಂಪಿಯರ್. ಬೇರೆ ಯಾವುದೋ ಟ್ರಾನ್ಸ್‌ಫಾರ್ಮರ್ ನಡೆಯುವುದಿಲ್ಲ. ಹೊತ್ತಿಕೊಂಡ ಅನಿಲದಲ್ಲಿ ಕರೆಂಟ್ ಏರಿದಷ್ಟೂ ತಡೆ ಇಳಿಯುತ್ತಾ ಹೋಗುತ್ತದೆ. ಹಿಡಿದು ನಿಲ್ಲಿಸುವವರು ಇಲ್ಲದಿದ್ದರೆ ಕರೆಂಟ್ ಏರುತ್ತಲೇ ಹೋಗಿ ಏನಾದರೊಂದು ಸುಟ್ಟುಹೋಗುತ್ತದೆ. ಆ ಮಿತಿಯನ್ನು ನಿಯಾನ್ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಗರ್ಭದಲ್ಲೇ ಕಟ್ಟಿರುತ್ತಾರೆ. ಕೊಳವೆಯ ಒಟ್ಟು ಉದ್ದ, ವ್ಯಾಸ, ಅನಿಲ ನೋಡಿ ತಯಾರಕರ ಪಟ್ಟಿಯಿಂದ ಆರಿಸಬೇಕು. ಹೆಚ್ಚು ವೋಲ್ಟಿಗೆಂದೇ ಮಾಡಿದ ಕೇಬಲ್, ಗಾಜಿನ ಕಾಲುಗಳ ಮೇಲೆ ಕೊಳವೆ, ಸರಿಯಾದ ಅರ್ತಿಂಗ್. ಇದರಲ್ಲಿ ರಾಜಿ ಬೇಡ.

ಕೆಟ್ಟಾಗ ಹೇಗೆ ಗುರುತಿಸುವುದು

ನಿಯಾನ್ ಕೆಂಪು ಬಿಟ್ಟು ಗುಲಾಬಿಗೆ ತಿರುಗಿದ್ದರೆ ಒಳಗೆ ಗಾಳಿ ಸೇರುತ್ತಿದೆ, ಇಲ್ಲವೇ ಕೊಳೆ ಸುಡುವುದು ಅರ್ಧಕ್ಕೇ ನಿಂತಿತ್ತು. ತುದಿಗಳು ಕನ್ನಡಿಯಂತೆ ಕಪ್ಪಾಗಿದ್ದರೆ ಎಲೆಕ್ಟ್ರೋಡ್ ಸವೆದಿದೆ. ನೀಲಿ ಕೊಳವೆ ಮಂಕು ನೇರಳೆಯಾಗಿದ್ದರೆ ಆರ್ಗಾನ್ ಒಂದೇ ಉರಿಯುತ್ತಿದೆ, ಪಾದರಸ ಕೆಲಸ ಮಾಡುತ್ತಿಲ್ಲ. ಕೊರೆಯುವ ಚಳಿಯಲ್ಲಿ ಪಾದರಸ ಆವಿಯಾಗದೆಯೂ ಹೀಗಾಗುತ್ತದೆ. ಅದಕ್ಕೆಂದೇ ಚಳಿ ಜಾಗಗಳಿಗೆ ಆರ್ಗಾನ್ ಬದಲು ನಿಯಾನ್ ಮತ್ತು ಆರ್ಗಾನ್ ಮಿಶ್ರಣ ತುಂಬುತ್ತಾರೆ. ಆ ಮಿಶ್ರಣ ಜಾಸ್ತಿ ಬಿಸಿಯಾಗಿ ಪಾದರಸವನ್ನು ಎಬ್ಬಿಸುತ್ತದೆ. ಬೆಳಕು ಮಣಿ ಪೋಣಿಸಿದ ಹಾಗೆ ತುಂಡು ತುಂಡಾಗಿ ತೇಲುತ್ತಿದ್ದರೆ ಗಾಬರಿ ಬೇಡ. ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿನ ಬಹಳ ವೇಗವಾಗಿ ದಿಕ್ಕು ಬದಲಿಸುವ ಕರೆಂಟಿಗೆ ನಿಯಾನ್ ಕೆಲವೊಮ್ಮೆ ಹಾಗೆ ಆಡುತ್ತದೆ.

ಇದೇ ಅನಿಲಗಳು ಬೇರೆ ದೀಪಗಳಲ್ಲಿ

ಟ್ಯೂಬ್‌ಲೈಟ್ ಅಂದರೆ ಆರ್ಗಾನ್, ಪಾದರಸ ಮತ್ತು ಬಿಳಿ ಫಾಸ್ಫರ್. ವ್ಯತ್ಯಾಸ ಇರುವುದು ತುದಿಗಳಲ್ಲಿ. ಅಲ್ಲಿ ಕಾಯುವ ತಂತಿ ಇದೆ, ಹಾಗಾಗಿ ಸಾವಿರಾರು ವೋಲ್ಟ್ ಬೇಕಿಲ್ಲ. ಕಡಿಮೆ ಒತ್ತಡದ ಹಳದಿ ಸೋಡಿಯಂ ದೀಪ ಹೊತ್ತಿದ ಕೂಡಲೇ ಕೆಂಪಗೆ ಕಾಣುತ್ತದೆ, ಅದು ನಿಯಾನ್. ಅದರ ಬಿಸಿಗೆ ಸೋಡಿಯಂ ಆವಿಯಾದ ಮೇಲೆ 589 ನ್ಯಾನೋಮೀಟರಿನ ಹಳದಿ ಬರುತ್ತದೆ. ಕ್ಯಾಮೆರಾ ಫ್ಲ್ಯಾಶಿನಲ್ಲಿ ಕ್ಸೆನಾನ್. ತಂತಿ ಉರಿಯುವ ಹಳೇ ಬಲ್ಬಿನಲ್ಲೂ ಆರ್ಗಾನ್ ಮತ್ತು ಸಾರಜನಕ ಇರುತ್ತವೆ. ಆದರೆ ಅಲ್ಲಿ ಅವು ಹೊಳೆಯುವುದಿಲ್ಲ, ಟಂಗ್‌ಸ್ಟನ್ ತಂತಿ ಬೇಗ ಆವಿಯಾಗದಂತೆ ಕಾಯುತ್ತವೆ.

ಇತ್ತೀಚೆಗೆ ನಿಯಾನ್ ಅಂತ ಮಾರುವ ಬಗ್ಗುವ ಪ್ಲಾಸ್ಟಿಕ್ ಪಟ್ಟಿಗಳಲ್ಲಿ ಯಾವ ಅನಿಲವೂ ಇಲ್ಲ, ಒಳಗಿರುವುದು ಎಲ್‌ಇಡಿ. ಕಡಿಮೆ ವೋಲ್ಟ್, ಒಡೆಯುವ ಭಯ ಇಲ್ಲ, ಮನೆಯೊಳಗಿನ ಅಲಂಕಾರಕ್ಕೆ ಅದೇ ವಾಸಿ. ಎದುರಿಗಿರುವ ಕೆಂಪು ಬೋರ್ಡು ಯಾವುದು ಅಂತ ಅನುಮಾನ ಬಂದರೆ ಒಂದು ಹಳೇ ಸಿಡಿ ತೆಗೆದುಕೊಳ್ಳಿ. ಅಕ್ಷರ ಸಣ್ಣ ಗೆರೆಯಂತೆ ಕಾಣುವಷ್ಟು ದೂರ ನಿಂತು, ಸಿಡಿಯ ಹೊಳೆಯುವ ಮೈಯಲ್ಲಿ ಬೆಳಕು ಬೀಳುವಂತೆ ಓರೆ ಮಾಡಿ ನೋಡಿ. ಎಲ್‌ಇಡಿ ಆಗಿದ್ದರೆ ಕೆಂಪಿನ ಒಂದೇ ಮಬ್ಬು ಪಟ್ಟಿ. ನಿಯಾನ್ ಆಗಿದ್ದರೆ ಅದೇ ಬೋರ್ಡು ಕೆಂಪು, ಕಿತ್ತಳೆ, ಹಳದಿಯಲ್ಲಿ ಬಿಡಿಬಿಡಿಯಾಗಿ ಹಲವು ಸಲ ಕಾಣುತ್ತದೆ.